ಕೂಗುವ ಮೊದಲೇ ಕಟ್ಟಿದ ತಪ್ಪಲು

ಅರವತ್ತರ ದಶಕದ ಮೊದಲ ವರ್ಷಗಳು. ಪಶುಸಂಗೋಪನೆ ಇಲಾಖೆಯಲ್ಲಿ ಸ್ಟಾಕ್‌ಮನ್ ಆಗಿ ನನಗೆ ಸಿಕ್ಕ ಮೊದಲ ಊರು ದೇವರ ಹಿಪ್ಪರಗಿ. ಸ್ಟಾಕ್‌ಮನ್ ಎಂದರೆ ಡಾಕ್ಟರರ ಕೈಕೆಳಗಿನವನು; ದನಗಳಿಗೆ ಲಸಿಕೆ ಹಾಕುವುದು, ಗಾಯಕ್ಕೆ ಔಷಧಿ ಹಚ್ಚುವುದು ಅವನ ಕೆಲಸ. ಊರವರು ಮಾತ್ರ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು, ನಾನೂ ಬೇಡ ಅನ್ನುತ್ತಿರಲಿಲ್ಲ. ಆ ಮರ್ಯಾದೆಯನ್ನೆಲ್ಲ ಮಣ್ಣುಪಾಲು ಮಾಡಿದ್ದು ಒಂದು ಬುಟ್ಟಿ ಕೋಳಿ.

ಇಲಾಖೆ ಆಗ ವೈಟ್ ಲೆಗ್‌ಹಾರ್ನ್ ಎಂಬ ವಿಲಾಯತಿ ತಳಿಯನ್ನು ಹಳ್ಳಿಗಳಿಗೆ ಹಂಚಲು ಹೊರಟಿತ್ತು. ಜವಾರಿ ಕೋಳಿಗಿಂತ ಹೆಚ್ಚು ತತ್ತಿ ಇಡುವ ಬಿಳಿ ಕೋಳಿ. ಸರಕಾರಿ ಗೂಡು ಕಟ್ಟುವವರೆಗೆ ಇವು ನಿನ್ನ ಹಿತ್ತಲಲ್ಲೇ ಇರಲಿ ಎಂದು ಅಪ್ಪಣೆಯಾಯಿತು. ನಾನೋ ಲಿಂಗಾಯತರ ಮನೆಯಲ್ಲಿ ಹುಟ್ಟಿದವನು. ಬಾಡಿಗೆಗೆ ಹಿಡಿದ ಮನೆ ಇದ್ದದ್ದೂ ತತ್ತಿಯ ಹೆಸರೆತ್ತಿದರೆ ಮೂಗು ಮುಚ್ಚುವ ಓಣಿಯಲ್ಲಿ. ಬುಟ್ಟಿಯ ಮೇಲೆ ಧೋತರ ಹೊದಿಸಿ ಒಳಗೆ ತಂದೆ. ಯಾರಿಗೂ ಗೊತ್ತಾಗಲಿಲ್ಲ ಎಂದು ಸಮಾಧಾನಪಟ್ಟುಕೊಂಡದ್ದು ಆ ಒಂದು ಸಂಜೆ ಮಾತ್ರ.

ಬೆಳಕು ಹರಿಯುವ ಮುನ್ನವೇ ಶುರು. ಎಂಥ ಗದ್ದಲ ಅಂತೀರಿ! ಗೋಡೆಯಾಚೆ ಚನ್ನಬಸಪ್ಪ ಮಾಸ್ತರರು ಇದ್ದರು, ಸಾಲಿಯಿಂದ ನಿವೃತ್ತರಾದ ಹಿರಿಯರು. ಅವರು ಲಿಂಗಪೂಜೆಗೆ ಕೂಡುವ ಹೊತ್ತೂ ಅದೇ. ಬೈದಿದ್ದರೆ ಬೈಸಿಕೊಂಡು ಸುಮ್ಮನಾಗುತ್ತಿದ್ದೆ. ಪುಣ್ಯಾತ್ಮರು ಬೈಯಲಿಲ್ಲ, ಒಮ್ಮೆ ಕೆಮ್ಮುತ್ತಿದ್ದರು ಅಷ್ಟೇ. ಆ ಕೆಮ್ಮು ಕೇಳಿದರೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಹಾಸಿಗೆಯಿಂದ ಜಿಗಿದು, ಬರಿಗಾಲಲ್ಲಿ ಓಡಿ, ಬೊಗಸೆ ಜೋಳ ಚೆಲ್ಲುತ್ತಿದ್ದೆ. ತಕ್ಷಣ ಬಾಯಿ ಬಂದ್. ಆದರೆ ಮರುದಿನ ಇನ್ನೂ ಬೇಗ ಕೂಗುತ್ತಿದ್ದವು, ನಾನು ಇನ್ನಷ್ಟು ಜೋಳ ಚೆಲ್ಲುತ್ತಿದ್ದೆ.

ಇದರ ಬಿಸಿ ನಿಜವಾಗಿ ತಟ್ಟಿದ್ದು ನನ್ನ ಹೆಂಡತಿ ಶಾಂತಾಗೆ. ಬಸವನ ಬಾಗೇವಾಡಿಯ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಒಂದು ದಿನ ತುಂಬಿದ ಕೊಡವನ್ನು ದಪ್ಪೆಂದು ಇಳಿಸಿ ನಿಂತಳು.

"ಕೋಳಿ ಮನಿಯಾಕಿ ಅಂತಾರ್ರಿ ನನಗ. ಅಪ್ಪಗ ಬರಾಕ ಹೇಳಿ ಕಳಿಸೇನಿ. ನಾ ಬಾಗೇವಾಡಿಗೆ ಹೊಂಟೇನಿ. ನಿಮ್ಮ ಕೋಳಿ ಅದಾವು, ನೀವದೀರಿ."

ಹೆಂಡತಿ ಕೋಳಿಗೆ ಹೆದರಿ ತವರಿಗೆ ಹೋದಳು ಎಂಬ ಸುದ್ದಿ ನಾಲ್ಕೂ ತಾಲೂಕು ಸುತ್ತಿ ಬರುವುದನ್ನು ನೆನೆದೇ ಮೈ ಹಿಡಿಯಾಯಿತು. ಹೋದವಳು ತಿರುಗಿ ಬಾರದಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಅದೇ ವಾರ ಸಿಂದಗಿಯಿಂದ ನಮ್ಮ ಮೇಲಧಿಕಾರಿ ಮಕಬೂಲ್ ಸಾಹೇಬರು ತಪಾಸಣೆಗೆ ಬಂದರು. ಕೋಳಿಗಳನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೈಮುಗಿದೆ.

"ಮುಂಜಾನಿ ಕಾಳು ಯಾವಾಗ ಹಾಕ್ತೀ?" ಎಂದು ಕೇಳಿದರು.

"ಕೂಗಿದ ಕೂಡ್ಲೇ ಹಾಕ್ತೇನ್ರಿ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲೋ ಮಾರಾಯಾ, ನೀ ಕೋಳಿ ಸಾಕಾಕತ್ತಿಲ್ಲ, ಕೋಳಿ ನಿನ್ನ ಸಾಕಾಕತ್ತಾವ! ಕೂಗಿದ್ರ ಕಾಳು ಬರ್ತೈತಿ ಅಂತ ನೀನ ಕಲಿಸೀದಿ."

ಆಮೇಲೆ ಬಿಡಿಸಿ ಹೇಳಿದರು. ಬರೀ ಜೋಳ ತಿಂದರೆ ಕೋಳಿಗೆ ಬೊಜ್ಜು ಬಂದು ತತ್ತಿ ಕಡಿಮೆಯಾಗುತ್ತದೆ. ರಾಜಗಿರಿ, ಮೆಂತೆ ತಪ್ಪಲನ್ನು, ಅಂದರೆ ಸೊಪ್ಪನ್ನು, ಕಟ್ಟು ಮಾಡಿ, ಕೊಕ್ಕಿಗೆ ಎಟುಕುವಷ್ಟು ಎತ್ತರಕ್ಕೆ ಸಂಜೆಯೇ ತೂಗುಬಿಡಬೇಕು. ಕಣ್ಣು ಬಿಟ್ಟೊಡನೆ ಅವು ಅದನ್ನು ಕುಕ್ಕುತ್ತ ಇರುತ್ತವೆ. ಬಿಸಿಲೇರಿದ ಮೇಲೆ ನೆನೆಸಿದ ಸಜ್ಜೆ ಒಂದಿಷ್ಟು, ಸ್ವಲ್ಪ ಮಜ್ಜಿಗೆ. ತತ್ತಿ ಇಟ್ಟಾಗಿನ ಕೂಗು ಹೇಗೂ ತಪ್ಪದು. ಆದರೆ ಕಾಳಿಗಾಗಿ ಕೂಗಿದರೆ ಏನೇ ಆಗಲಿ ಹೊರಗೆ ಹೋಗಕೂಡದು. ಮೊದಮೊದಲು ಗದ್ದಲ ಹೆಚ್ಚಾಗುತ್ತದೆ, ಕಲ್ಲು ಮನಸ್ಸು ಮಾಡಿ ಕೂತಿರು ಎಂದರು.

ಆ ಸಂಜೆಯೇ ತಪ್ಪಲು ಕಟ್ಟಿದೆ. ಮರುದಿನ ಅದು ಮುಗಿದದ್ದೇ ತಡ, ಹಿತ್ತಲು ಹಾರಿಹೋಗುವಂತೆ ಕೂಗಿದವು. ಕಿವಿ ಮುಚ್ಚಿಕೊಂಡು ಕೂತೆ. ಗಂಟು ಕಟ್ಟಿಟ್ಟಿದ್ದ ಶಾಂತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಗದ್ದಲ ನಿಂತಿತು. ಬದಲಿಗೆ ಏನನ್ನೋ ತಿನ್ನಲು ಮುಗಿಬಿದ್ದ ಸಪ್ಪಳ. ಇಬ್ಬರೂ ಹಿತ್ತಲಿಗೆ ಓಡಿದೆವು.

ಗೋಡೆಯ ಮೇಲೆ ಮಾಸ್ತರರ ತಲೆ. ಕೈಯಲ್ಲಿ ರೊಟ್ಟಿಯ ಚೂರು. ನಮ್ಮನ್ನು ಕಂಡು ಅವರ ಮುಖ ಕೆಂಪೇರಿತು.

"ತಪ್ಪು ತಿಳೀಬ್ಯಾಡ ತಮ್ಮಾ. ಪೂಜಾಕ್ಕ ಕೂಡೂ ಮೊದಲ, ನೀ ಏಳೂದ್ರಾಗ, ಇವುಗಳ ಬಾಯಿ ಮುಚ್ಚಿಸೋಣಂತ ದಿನಾ ಹಾಕಾಕತ್ತೇನಿ. ಲಿಂಗಧಾರಿ ಆಗಿ ಕೋಳಿಗೆ ರೊಟ್ಟಿ ಹಾಕ್ತೇನಿ ಅಂತ ಯಾರ ಮುಂದ ಹೇಳ್ಲಿ? ನಾಚಿಕಿ ಆತು."

ನಾನು ನೆಲ ನೋಡಿದೆ, ಅವರು ಗೋಡೆ ನೋಡಿದರು. ಶಾಂತಾ ಒಮ್ಮೆಲೇ ನಕ್ಕುಬಿಟ್ಟಳು.

"ಅಜ್ಜಾರ, ನೀವೂ ನಾಚಿ ಹಾಕಿದ್ರಿ, ನಮ್ಮವರೂ ನಾಚಿ ಹಾಕಿದ್ರು. ತಿಂದ ಕೋಳಿಗೇನ ನಾಚಿಕಿಲ್ಲ ನೋಡ್ರಿ!"

ಮಾಸ್ತರರಿಗೂ ನಗು ತಡೆಯಲಾಗಲಿಲ್ಲ. ಇನ್ನು ಮೇಲೆ ಯಾರೂ ಹಾಕುವುದು ಬೇಡ ಎಂದು ಅಲ್ಲೇ ತೀರ್ಮಾನವಾಯಿತು. ಕೆಲವು ದಿನ ಗದ್ದಲ ಸಹಿಸಿಕೊಳ್ಳಿ ಎಂದು ಓಣಿಯವರಿಗೆ ಮಾಸ್ತರರೇ ಹೇಳಿದರು. ಆ ಕೆಲವು ದಿನ ನಾನು ಓಣಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ, ನಿಜ. ಆಮೇಲೆ ಕೂಗು ಕಡಿಮೆಯಾಗುತ್ತ ಬಂತು. ಬೆಳಗಿನ ಹೊತ್ತು ಕುಕ್ಕುವ ಸದ್ದು ಬಿಟ್ಟರೆ ಬೇರೇನೂ ಕೇಳದಂತಾಯಿತು.

ನಲವತ್ತು ವರ್ಷದ ಹತ್ತಿರ ನೌಕರಿ ಮಾಡಿದೆ. ಕೋಳಿಗಿಂತ ಹೆಚ್ಚಾಗಿ ನನ್ನ ನಾಚಿಕೆಗೇ ನಾನು ಕಾಳು ಹಾಕಿ ಬೆಳೆಸಿದ್ದೆ ಎಂಬುದು ಆ ಹಿತ್ತಲಲ್ಲಿ ಕಲಿತ ಪಾಠ. ಮುಚ್ಚಿಡಬೇಕು ಅನ್ನಿಸಿದ್ದನ್ನು ಪಕ್ಕದ ಮನೆಯವರಿಗೆ ಮೊದಲು ಹೇಳಿಬಿಡಬೇಕು ಎಂದು ಆಮೇಲೆ ಸೇರಿದ ಹೊಸ ಹುಡುಗರಿಗೆಲ್ಲ ಹೇಳುತ್ತಿದ್ದೆ.

ಆ ದಿನಗಳಲ್ಲೇ ಬಾಗೇವಾಡಿಯಿಂದ ಮಾವನವರು ಬಂದೇ ಬಂದರು. ಮಗಳನ್ನು ಕರೆದೊಯ್ಯಲು ಬಂದವರಿಗೆ ನೀರು ಕೊಟ್ಟು ಕೂಡಿಸಿದೆ. "ಗಂಟು ಎಲ್ಲೈತಿ ಬೇ? ಬಸ್ಸಿನ ಹೊತ್ತಾತು," ಎಂದರು ಅವರು.

ಹಿತ್ತಲಿಂದ ಶಾಂತಾ ಕೂಗಿ ಹೇಳಿದಳು: "ನಾ ಬರಂಗಿಲ್ಲಪ್ಪಾ. ನಾ ಬಂದ್ರ ಇವಕ್ಕ ತಪ್ಪಲ ಕಟ್ಟವ್ರ್ಯಾರು?"