ಹುಳದ ಮನೆಯಲ್ಲಿ ನಿಂಜಾ

ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ನನಗಿರುವ ಕೆಲಸಗಳಲ್ಲಿ ಒಂದು, ಯಾವ ಫೋಟೊ ಅಚ್ಚಾಗಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು. ಕೂಟಗಲ್ ಹಳ್ಳಿಯಲ್ಲಿರುವ ತಂಗಿ ಅದನ್ನೇ ಹಿಡಿದುಕೊಂಡಳು.

“ಅಣ್ಣ, ಪೇಪರ್‌ನಾಗೆ ಏನ್ ಆಕ್ಬೇಕು, ಏನ್ ಆಕ್ಬಾರ್ದು ಅಂತ ನೀನೇ ತಾನೆ ಯೋಳೋದು? ನಮ್ ಮಗು ಫೋನ್ನಾಗೆ ಅದೇನೋ ನಿಂಜಾ ಅಂತ ನೋಡ್ತದೆ. ನೋಡ್ಬೋದಾ ಬ್ಯಾಡ್ವಾ, ಒಸಿ ನೋಡಿ ಯೋಳು.”

ಮಗು ಎಂದರೆ ತಂಗಿಯ ಒಂಬತ್ತನೇ ಕ್ಲಾಸಿನ ಮಗಳು, ನನ್ನ ಸೋದರಸೊಸೆ. ಆ ಫೋನ್ ಅವಳ ಅಪ್ಪನದು. ಅವರು ಹಿಂದಿನ ವರ್ಷ ಹೆದ್ದಾರಿಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದರು. ಆಮೇಲೆ ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಮಿಕ್ಕ ಹೊತ್ತು ಫೋನ್. ಅವಳ ಚಿಕ್ಕಪ್ಪ, ಅಂದರೆ ತೀರಿಕೊಂಡವರ ತಮ್ಮ, ಅದೇ ಮನೆಯಲ್ಲಿದ್ದರು. ಈ ಸರಣಿ ಕೆಟ್ಟದ್ದು ಎಂದು ನಾನು ಹೇಳಿದರೆ ಫೋನ್ ತೆಗೆದು ಬೀರುವಿನಲ್ಲಿ ಇಡುತ್ತೇನೆಂದು ಅವರು ಆಗಲೇ ಹೇಳಿಯಾಗಿತ್ತು. ಮುಂದಿನ ರಜೆಯಲ್ಲಿ ನಾನು ಹೋದಾಗ ಬಾಗಿಲಲ್ಲೇ ಶುರುಮಾಡಿದರು.

“ಭಾವ, ಕರೀ ಬಟ್ಟೆ ಸುತ್ಕೊಂಡು ಗೋಡೆ ಮ್ಯಾಲೆ ಓಡಾಡ್ತವೆ. ಮಾತೆತ್ತುದ್ರೆ ಕತ್ತಿ, ರಕ್ತ. ಹೆಣ್ಮಗ ನೋಡಾದಾ ಇದಾ?”

ಒಳಗಿನಿಂದ ಹುಡುಗಿ ಹೇಳಿದಳು: “ಚಿಕ್ಕಪ್ಪ, ನೀನ್ ನೋಡೋ ಧಾರಾವಾಹಿನಾಗೆ ಸೊಸೆ ಪಾಯ್ಸಕ್ಕೆ ಇಸ ಆಕ್ತಾಳಲ್ಲ, ಅದೇನ್ ದೇವ್ರ ಪೂಜೆನಾ?”

ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಚಿಕ್ಕಪ್ಪ ನಗಲಿಲ್ಲ.

ಸರಣಿಯ ಹೆಸರು ಬರೆದುಕೊಂಡು ನಾನಿರುವ ರಾಮನಗರಕ್ಕೆ ಮರಳಿ ಬಿಡುವಾದಾಗಲೆಲ್ಲ ನೋಡಿದೆ. ಜಪಾನಿನ ಕಾರ್ಟೂನ್, ಮಾತು ಜಪಾನಿಯದು, ಕೆಳಗೆ ಇಂಗ್ಲಿಷ್ ಅಕ್ಷರ. ಬೆಟ್ಟದ ಮೇಲಿನ ಒಂದು ಶಾಲೆ, ಅಲ್ಲಿ ನಿಂಜಾಗಳಾಗಲು ಗೂಢಚಾರಿಕೆ ಕಲಿಯುವ ಅನಾಥ ಮಕ್ಕಳು. ಹೊಡೆದಾಟ ಹೆಚ್ಚು, ರಕ್ತ ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ. ಕೊಂದವನು ಮೆರೆಯುವುದಿಲ್ಲ, ಅವನ ನಿದ್ದೆ ಕೆಡುತ್ತದೆ. ಚಿತ್ರಹಿಂಸೆಯ ಒಂದು ಕಂತು ಚಿಕ್ಕವರಿಗೆ ಆಗದು. ಹದಿಮೂರು ದಾಟಿದವರು ನೋಡಬಹುದು, ಮೊದಮೊದಲು ದೊಡ್ಡವರು ಜೊತೆಗಿರಲಿ ಎಂಬಲ್ಲಿಗೆ ಬಂದಿದ್ದೆ.

ಆಮೇಲೆ ಒಂದು ಕಂತು ನನ್ನನ್ನು ತಡೆಯಿತು. ಶಾಲೆಯ ಮುದುಕ ಗುರು ಸಾಯುತ್ತಾನೆ. ಶಿಷ್ಯೆಯೊಬ್ಬಳು ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸುತ್ತಾಳೆ. ಹಣೆ, ರೆಪ್ಪೆ, ಮೀಸೆಯಲ್ಲಿ ಅಂಟಿದ ಮಣ್ಣು. ಒರೆಸಿ ಪಕ್ಕದಲ್ಲಿ ಕೂರುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ನಮ್ಮ ಡೆಸ್ಕ್‌ನಲ್ಲಿ ಶವದ ಮುಖ ಹಾಕುವುದಿಲ್ಲ. ಆ ನಿಯಮದಂತೆ ನಾನು ಮೊದಲು ತೆಗೆಯುವುದು ಈ ಕಂತನ್ನೇ.

ಅದನ್ನು ಹೇಳಲೆಂದೇ ಮತ್ತೆ ಕೂಟಗಲ್‌ಗೆ ಹೋದೆ. ಹುಡುಗಿ ಹುಳದ ಮನೆಯಲ್ಲಿದ್ದಾಳೆ ಎಂದರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಹುಳುಗಳಿಗೆ ಸೋಂಕು ತಗಲದಿರಲೆಂದು ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ರೇಷ್ಮೆ ಹುಳುಗಳಿಗೆ ಸೊಪ್ಪು ಹರಡುತ್ತಿದ್ದಳು. ಫೋನನ್ನು ಹುಳದ ತಟ್ಟೆಗಳನ್ನು ಜೋಡಿಸುವ ಸ್ಟ್ಯಾಂಡಿನ ಕಂಬಕ್ಕೆ ಒರಗಿಸಿದ್ದಳು. ಅದರಲ್ಲಿ ಓಡುತ್ತಿದ್ದುದು ಅದೇ ದೃಶ್ಯ. ಮುಗಿದೊಡನೆ ಬೆರಳಿನಿಂದ ಹಿಂದಕ್ಕೆ ಎಳೆದು ಮತ್ತೆ ಹಾಕಿದಳು.

“ಇದನ್ನೇ ಯಾಕೆ ನೋಡ್ತೀಯವ್ವ?” ಎಂದೆ.

“ಅವ್ಳು ಪಕ್ಕದಾಗೇ ಕುಂತವಳಲ್ಲ ಮಾಮ, ಅದ್ಕೆ.”

ಆಗ ಅವಳ ಅಪ್ಪ ತೀರಿಕೊಂಡ ದಿನ ನೆನಪಾಯಿತು. ಹುಳು ಹಣ್ಣಾಗಿ, ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟುವುದರಲ್ಲಿದ್ದವು. ಸೂತಕದ ಮನೆಯಲ್ಲಿ ಹುಳು ಇರಬಾರದು, ಬೆಳೆ ಕೆಡುತ್ತದೆ ಎನ್ನುವುದು ಆ ಕಡೆಯವರ ನಂಬಿಕೆ. ಹೆಣ ಬರುವ ಮೊದಲೇ ತಟ್ಟೆಗಳನ್ನು ಊರಾಚೆಯ ಬೇರೆಯವರ ಷೆಡ್ಡಿಗೆ ಹೊತ್ತರು. ಜೊತೆಗೆ ಹುಳು ಬಲ್ಲವರು ಯಾರಾದರೂ ಹೋಗಬೇಕಿತ್ತು. ಹೆಣದ ಮುಖ ನೋಡದಿದ್ದರೆ ಸೂತಕ ತಟ್ಟುವುದಿಲ್ಲ ಎಂದು ಹಿರಿಯರೊಬ್ಬರು ಹೇಳಿದರು. ಅದು ಶಾಸ್ತ್ರವೋ ಅನುಕೂಲವೋ, ಯಾರೂ ಕೇಳಲಿಲ್ಲ. ಮಗು ಇದನ್ನೆಲ್ಲ ನೋಡುವುದೂ ತಪ್ಪುತ್ತದೆ ಎಂದು ಇನ್ನೊಬ್ಬರು ಸೇರಿಸಿದರು. ಹುಡುಗಿಯನ್ನು ಕಳಿಸಿದರು. ಮಣ್ಣಿಗೆ ಹೊರಟಾಗ ತಮಟೆಯ ಸದ್ದು ಆ ಷೆಡ್ಡಿನವರೆಗೂ ಕೇಳಿಸಿರಬೇಕು. ಆ ಸಲ ಗೂಡು ಚೆನ್ನಾಗಿ ಬಂತು.

ತಂಗಿ ಸೊಪ್ಪಿನ ಮಂಕರಿ ಹೊತ್ತು ಬಂದಳು. ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು:

“ಅವ್ವ, ಅಪ್ಪನ ಮಕ ಯಾರ್ ಒರುಸುದ್ರು?”

ತಂಗಿ ಮಂಕರಿ ಇಳಿಸಿದಳು. “ಯಾರೂ ಒರುಸ್ನಿಲ್ಲ ಕಣವ್ವ. ಆಸ್ಪತ್ರೆಯಿಂದ ಬಟ್ಟೆ ಸುತ್ತೇ ತಂದ್ರು. ಬಿಚ್ಬ್ಯಾಡಿ ಅಂದ್ರು.”

“ಅಂಗಾರೆ ನೀನೂ ನೋಡ್ನಿಲ್ವಾ?”

“ಇಲ್ಲ.”

ಫೋನಿನಲ್ಲಿ ದೃಶ್ಯ ಮುಗಿದಿತ್ತು. ಈ ಸಲ ಅವಳು ಹಿಂದಕ್ಕೆ ಎಳೆಯಲಿಲ್ಲ.

“ನಾನ್ ಒರುಸ್ದೆ.”

ಹೇಳಿದವರು ಚಿಕ್ಕಪ್ಪ, ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ನಾನು ಗಮನಿಸಿರಲಿಲ್ಲ. ಆ ದಿನ ಆಸ್ಪತ್ರೆಯಲ್ಲಿ ಗುರುತು ಹಿಡಿಯಲು ಒಳಗೆ ಹೋದವರು ಅವರೊಬ್ಬರೇ. ಬಿಚ್ಚಬೇಡಿ ಎಂದವರೂ ಅವರೇ.

“ಆಸ್ಪತ್ರೆನಾಗೇ. ನನ್ ಟವಲ್ನಾಗೆ. ನೀರ್ ಕೇಳ್ದೆ, ಕೊಟ್ರು.”

ಹುಡುಗಿ ಅವರತ್ತ ತಿರುಗಿದಳು. “ಎಂಗಿದ್ರು ಚಿಕ್ಕಪ್ಪ?”

ಅವರು ಸುಣ್ಣ ತುಳಿದು ಒಳಗೆ ಬಂದು, ತಂಗಿ ಇಳಿಸಿದ್ದ ಮಂಕರಿಯಿಂದ ಸೊಪ್ಪು ತೆಗೆದು ಹರಡತೊಡಗಿದರು. ಅವಳು ಇನ್ನೊಮ್ಮೆ ಕೇಳಿದಳು. ಸೊಪ್ಪು ಹರಡುತ್ತಲೇ ಅವರು, “ನೆತ್ತಿ ತಾವ ಪೆಟ್ಟಾಗಿತ್ತು. ಮೀಸೆ ಅಂಗೇ ಇತ್ತು ಕಣವ್ವ,” ಎಂದರು. ಅಷ್ಟೇ. ತಂಗಿ ಗೋಡೆಗೆ ಒರಗಿ ಕೂತಳು.

ನಾನು ತಂದಿದ್ದ ತೀರ್ಪನ್ನು ಯಾರೂ ಕೇಳಲಿಲ್ಲ. ಆ ಒಂದು ಕಂತು ಬೇಡ ಎಂದು ಹೇಳಲು ಬಂದಿದ್ದೆ, ಹೇಳಲಿಲ್ಲ. ಹೊರಡುವಾಗ ತಂಗಿಗೆ, “ನೋಡಲಿ ಬಿಡು. ಆದರೆ ನೀನೂ ಪಕ್ಕದಲ್ಲಿ ಕೂತ್ಕೊ,” ಎಂದೆ.

ಬಾಗಿಲಿನಿಂದ ತಿರುಗಿ ನೋಡಿದೆ. ಹುಡುಗಿ ಫೋನನ್ನು ಮತ್ತೆ ಕಂಬಕ್ಕೆ ಒರಗಿಸಿ ಮುಂದಿನ ಕಂತು ಹಾಕಿದ್ದಳು. ಅದರಲ್ಲಿ ಕತ್ತಿಗಳ ಸದ್ದು ಶುರುವಾಗಿತ್ತು. ಚಿಕ್ಕಪ್ಪ ಆ ಕಡೆಗೆ ಬೆನ್ನು ಹಾಕಿ ಸೊಪ್ಪು ಹರಡುತ್ತಿದ್ದರು. ತಿರುಗಿ ನೋಡಲಿಲ್ಲ. ನಿಲ್ಲಿಸು ಎಂದೂ ಹೇಳಲಿಲ್ಲ.