ಗುರ್ರೆನ್ನಲು ಕಲಿಸುವ ಅಕ್ಕ

ಆಗಷ್ಟೇ ಬೆಳಕು ಹರಿಯುತ್ತಿದೆ. ಮನೆಯವರಿಗೆ ಬೇಡವಾದ ನಾಯಿಗಳನ್ನು ಇಟ್ಟುಕೊಳ್ಳುವ ಈ ಆಶ್ರಯಧಾಮದ ಕೊನೆಯ ಗೂಡಿನ ಮುಂದೆ, ಒದ್ದೆ ಸಿಮೆಂಟು ನೆಲದ ಮೇಲೆ, ಹೆಂಗಸೊಬ್ಬರು ನಾಯಿಗೆ ಬೆನ್ನು ಹಾಕಿ ಕೂತಿದ್ದಾರೆ. ತಿರುಗಿ ನೋಡದೆ ಬೇಯಿಸಿದ ಮಾಂಸದ ಚೂರೊಂದನ್ನು ಹಿಂದಕ್ಕೆ ಎಸೆಯುತ್ತಾರೆ, ಮೆಲ್ಲಗೆ ಗೂಡಿನ ಹತ್ತಿರ ಸರಿಯುತ್ತಾರೆ. ಒಳಗಿನಿಂದ ಗಂಟಲು ಕಟ್ಟಿದಂಥ ಒಂದು 'ಗುರ್' ಕೇಳುತ್ತದೆ. ತಕ್ಷಣ ದೂರ ಸರಿದು ಕೂರುತ್ತಾರೆ. ಮುಖ ಊರಗಲವಾಗಿದೆ.

"ಬೈತು, ಕೇಳಿಸ್ತಾ? ಬಂದಾಗಿಂದ ಬಾಯೇ ಬಿಟ್ಟಿರ್ಲಿಲ್ಲ, ಪಾಪ."

ಗೂಡು ತೊಳೆಯುವುದು ಇವರ ಕೆಲಸ, ಸಂಬಳವೂ ಅಷ್ಟಕ್ಕೇ. ಜೊತೆಯವರು ತಮಾಷೆಗೆ ಇಟ್ಟ ಹೆಸರು ಗುರ್ರಕ್ಕ. ಈ ಕಂದು ನಾಯಿ ತನ್ನ ತಟ್ಟೆಗೆ ಯಾರಾದರೂ ಕೈ ಹಾಕಿದರೆ ಗುರ್ರೆನ್ನುತ್ತಿತ್ತು. ಯಜಮಾನ ಪ್ರತಿ ಸಲವೂ ಬೆಲ್ಟು ಬಿಚ್ಚಿದ. ನಾಯಿ ಸುಮ್ಮನಾಯಿತು, ಮನೆಯವರು ಬುದ್ಧಿ ಬಂತೆಂದು ಬೀಗಿದರು. ಒಂದು ದಿನ ಸದ್ದಿಲ್ಲದೆ ಅವನ ಕೈಗೇ ಬಾಯಿ ಹಾಕಿತು. ಆಮೇಲೆ ಇಲ್ಲಿಗೆ ತಂದು ಬಿಟ್ಟರು.

"ಹೆದರಿಕೆ ಎಲ್ಲಿ ಹೋಗತ್ತೆ? ಹೇಳೋದನ್ನ ಬಿಡತ್ತೆ, ಅಷ್ಟೇ," ಎನ್ನುತ್ತಾರೆ ಗುರ್ರಕ್ಕ. "ಹೇಳಿದ್ರೆ ಇವ್ರು ಬಿಡ್ತಾರೆ ಅಂತ ನಂಬಿಕೆ ಬಂದ್ರೆ, ಕಚ್ಚೋ ಕೆಲಸ ಅದಕ್ಯಾಕೆ?"

ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಕಚ್ಚಿಸಿಕೊಂಡೇ ಕಲಿತಿದ್ದಾರೆ. ಮೊಣಕೈವರೆಗೂ ಹೊಲಿಗೆಯ ಗುರುತುಗಳಿವೆ. ಮನೆಯಲ್ಲಿ ನಾದಿನಿ ಇವರ ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕುತ್ತಾಳೆ. ನಾಯಿಯ ಮೇಲಿರುವ ತಾಳ್ಮೆ ತನ್ನ ಮೇಲಿಲ್ಲವೆಂದು ಗಂಡ ಗೊಣಗುತ್ತಾನೆ. "ಅದು ಕಚ್ಚೋ ಮುಂಚೆ ಹೇಳತ್ತೆ, ನೀವು ಹೇಳ್ತೀರಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಾರಂತೆ.

ನಾಯಿಯ ಯಜಮಾನ ಕೊನೆಯ ತೀರ್ಮಾನ ಹೇಳಲು ಬರುವುದು ಇವತ್ತೇ. ಕರೆದುಕೊಂಡು ಹೋದರೆ ನಾಯಿ ಉಳಿಯುತ್ತದೆ. ಬೇಡವೆಂದರೆ ಮಧ್ಯಾಹ್ನ ಡಾಕ್ಟರು ಕೊಡುವ ಸಾವಿನ ಸೂಜಿ, ಏಕೆಂದರೆ ಕಚ್ಚಿದ ನಾಯಿಯನ್ನು ಬೇರೆಯವರಿಗೆ ಕೊಡುವಂತಿಲ್ಲ.

ಬಿಸಿಲೇರುವ ಹೊತ್ತಿಗೆ ಅವನು ಕೈಗೆ ಪಟ್ಟಿ ಸುತ್ತಿಕೊಂಡೇ ಬರುತ್ತಾನೆ. ಗುರ್ರಕ್ಕ ನಾಯಿಯ ತಟ್ಟೆಯ ಕಡೆ ಕೈ ಚಾಚುತ್ತಾರೆ. ನಾಯಿ ಗುರ್ರೆನ್ನುತ್ತದೆ. ಕೈ ಹಿಂದೆ ಬರುತ್ತದೆ, ನಾಯಿ ತಣ್ಣಗಾಗುತ್ತದೆ.

"ನೋಡಿದ್ರಾ ಸಾರ್? ಕಚ್ಚೋಕೆ ಬರ್ಲಿಲ್ಲ. ಹೇಳ್ತು ಅಷ್ಟೇ."

"ಇಷ್ಟು ದಿನ ಇಟ್ಕೊಂಡು ಇದನ್ನೇನಮ್ಮಾ ಕಲಿಸಿದ್ದು? ಈ ಗುರ್ ಬಿಡಿಸೋಕೇ ನಾನು ಅಷ್ಟು ಒದ್ದಾಡಿದ್ದು."

ಅವನು ಅಲ್ಲೇ ಬೇಡವೆಂದು ಹೇಳಿ ಹೊರಟುಬಿಡುತ್ತಾನೆ. ಗುರ್ರಕ್ಕ ಗೇಟಿನವರೆಗೂ ಹಿಂದೆ ಹೋಗಿ ಅಂಗಲಾಚುತ್ತಾರೆ. ಅವನು ಕಾರಿನ ಗಾಜು ಏರಿಸುತ್ತಾನೆ. ಅವನಿಗೆ ಬೇಕಾದದ್ದು ನಾಯಿಯಲ್ಲ, ಬಾಲವಿರುವ ಕುರ್ಚಿ.

ಮಧ್ಯಾಹ್ನ ನಾಯಿಯನ್ನು ಹಿಡಿದುಕೊಳ್ಳುವುದೂ ಗುರ್ರಕ್ಕನೇ, ಬೇರೆ ಯಾರೂ ಮುಂದೆ ಬರುವುದಿಲ್ಲ. ಡಾಕ್ಟರು ಬಾಯಿಗೆ ಪಟ್ಟಿ ಕಟ್ಟಲು ಹೇಳುತ್ತಾರೆ. "ಬೇಡ ಡಾಕ್ಟ್ರೇ," ಎಂದು ಅದರ ಕುತ್ತಿಗೆಯನ್ನು ತಬ್ಬಿಕೊಳ್ಳುತ್ತಾರೆ. ಸೂಜಿ ತಾಗಿದಾಗ ನಾಯಿ ಗುರ್ರೆನ್ನುತ್ತದೆ. ಇವರ ಕೆನ್ನೆ ಅದರ ಹಲ್ಲಿನ ಪಕ್ಕದಲ್ಲೇ ಇದೆ.

ಆಮೇಲೆ ನಲ್ಲಿಯ ಕೆಳಗೆ ಕೈ ತೊಳೆಯುತ್ತಾ ಹೇಳುತ್ತಾರೆ: "ಹೇಳಿದ್ರೆ ಬಿಡ್ತೀವಿ ಅಂತ ನಂಬಿಸಿದ್ದು ನಾನೇ. ಇವತ್ತೂ ಹೇಳ್ತು, ನಾನು ಬಿಡ್ಲಿಲ್ಲ. ಆದ್ರೂ ಕಚ್ಚಲಿಲ್ಲ ನೋಡಿ, ನನ್ನ ನಾಯಿ."