ಕೊನೆಯ ಹಾಳೆಯಿಂದ ಓದುವ ಅಂಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸ್ಟವ್ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಯುತ್ತಿದೆ. ಎಡಗೈಯಲ್ಲಿ ಸೌಟು ಆಡಿಸುತ್ತ, ಬಲಗೈಯಲ್ಲಿ ಒಂದು ಬಿಡಿ ಹಾಳೆ ಹಿಡಿದು ಓದುತ್ತಿದ್ದಾರೆ ಅಂಟಕ್ಕ. ಹಾಳೆ ಮೂಗಿನ ಹತ್ತಿರ ಬಂದಿದೆ, ಅಂಟು ತಳ ಹಿಡಿಯುವ ಹಂತಕ್ಕೆ ಬಂದಿದೆ. ಅವರು ಎರಡನ್ನೂ ಬಿಟ್ಟುಕೊಡುವುದಿಲ್ಲ.

"ಈ ಮನುಷ್ಯ ಹಿಮದ ಬೆಟ್ಟ ಹತ್ತಿ ಇಳಿದಿದಾನೆ. ಇಳಿದ ಮೇಲೆ ಮೊದಲನೇ ಮಾತೇ 'ಹಸಿವು' ಅಂತ ಬರೆದಿದಾನೆ. ಇವನನ್ನ ನಂಬಬಹುದು" ಎಂದು ಹಾಳೆ ಕೆಳಗಿಡುತ್ತಾರೆ. ಆ ಪುಸ್ತಕದ ಮೊದಲ ಪುಟವನ್ನು ಅವರಿನ್ನೂ ನೋಡಿಯೇ ಇಲ್ಲ.

ಪುಸ್ತಕ ರಿಪೇರಿ ಇವರ ಕೆಲಸ. ಹೊಲಿಗೆ ಬಿಚ್ಚಿದ್ದು, ರಟ್ಟು ಕಿತ್ತಿದ್ದು, ಗೆದ್ದಲು ರುಚಿ ನೋಡಿ ಬಿಟ್ಟಿದ್ದು, ಎಲ್ಲವೂ ಈ ಕೋಣೆಗೇ ಬರುತ್ತವೆ. ದಿನಕ್ಕೆ ನಾಲ್ಕೈದು ಪುಸ್ತಕ ಇವರ ಕೈಯಲ್ಲಿ ಮತ್ತೆ ಎದ್ದು ನಿಲ್ಲುತ್ತವೆ. ಅವುಗಳ ಪೈಕಿ ಪ್ರವಾಸದ ಪುಸ್ತಕವಿದ್ದರೆ ಅದರ ಯೋಗವೇ ಬೇರೆ. ರಟ್ಟಿಗೂ ಮೊದಲ ಪುಟಕ್ಕೂ ನಡುವೆ ಹೊಸದಾಗಿ ಅಂಟಿಸುವ ಖಾಲಿ ಹಾಳೆಯ ಮೇಲೆ ಅಂಟಕ್ಕ ದುಂಡಗಿನ ಅಕ್ಷರದಲ್ಲಿ ಒಂದು ವಿಮರ್ಶೆ ಬರೆಯುತ್ತಾರೆ. "ಖಾಲಿ ಹಾಳೆ ಸುಮ್ನೆ ಯಾಕೆ ಬಿಡೋದು?" ಎನ್ನುವುದು ಅವರ ವಾದ.

ಕೊನೆಯಿಂದ ಓದುವ ಅಭ್ಯಾಸ ಹತ್ತಿದ್ದು ಕಸುಬಿನಿಂದಲೇ. ಪುಸ್ತಕದಲ್ಲಿ ಮೊದಲು ಕಳಚಿಕೊಳ್ಳುವುದು ಕೊನೆಯ ಹಾಳೆಗಳು. ಅಂಟು ಒಣಗುವವರೆಗೆ ಕೈ ಕಟ್ಟಿ ಕೂರಲಾಗದೆ, ಕೈಗೆ ಸಿಕ್ಕಿದ ಆ ಹಾಳೆಗಳನ್ನೇ ಓದತೊಡಗಿದರು. ಕಾದಂಬರಿಯಾದರೆ ಕೊನೆ ತಿಳಿದ ಮೇಲೆ ಸ್ವಾರಸ್ಯವೇ ಹೋಗಿಬಿಡುತ್ತಿತ್ತು. ಪ್ರವಾಸದ ಪುಸ್ತಕ ಹಾಗಲ್ಲ. ಅದರ ಕೊನೆಯಲ್ಲಿ ಇರುವುದು ಮನೆ, ಅದು ಎಲ್ಲರಿಗೂ ಮೊದಲೇ ಗೊತ್ತು.

"ಹೋಗೋವಾಗ ಎಲ್ಲರೂ ಶೂರರೇ. ವಾಪಸ್ ಬರೋವಾಗ ನೋಡಬೇಕು. ಕಾಲು ನೋಯ್ತಿರುತ್ತೆ, ಕೈ ಖಾಲಿ, ಜೊತೇಲಿ ಬಂದೋರ ಮುಖ ನೋಡೋಕೂ ಬೇಜಾರು. ಆಗಲೂ ಕಿಟಕಿ ಆಚೆ ನೋಡ್ಕೊಂಡು ಬಂದಿದಾರೆ ಅಂದ್ರೆ ಅವರು ನಿಜವಾದ ಪ್ರಯಾಣಿಕರು. ಕೆಲವರು 'ಅಲ್ಲಿಂದ ಸ್ವಸ್ಥಳಕ್ಕೆ ಮರಳಿದೆವು' ಅಂತ ಒಂದೇ ಸಾಲು ಬರೆದು ಕೈ ತೊಳ್ಕೋತಾರೆ. ಅಂಥವರ ಮೇಲೆ ನನಗೆ ಸ್ವಲ್ಪ ಗುಮಾನಿ."

ಗುಮಾನಿ ಬಂದರೆ ಅಂಟಕ್ಕ ಮುಚ್ಚಿಡುವವರಲ್ಲ. ನೂರು ವರ್ಷ ಹಿಂದಿನ ಅಧಿಕಾರಿಯೊಬ್ಬರ ಪುಸ್ತಕದ ಮೇಲೆ ಹೀಗೆ ಬರೆದಿದ್ದಾರೆ: "ಇವರು ಮರಳುಗಾಡು ದಾಟಿದರಂತೆ. ದಾಟಿದ್ದು ಒಂಟೆ, ಇವರು ಮೇಲೆ ಕೂತಿದ್ದರು. ಒಂಟೆ ನಡೆಸಿದವನ ಹೆಸರು ಎಲ್ಲಿಯೂ ಇಲ್ಲ. ಆದರೆ ರಾತ್ರಿಯ ಆಕಾಶದ ಬಗ್ಗೆ ಬರೆದ ಪುಟಗಳು ಅಪ್ಪಟ ಸತ್ಯ, ಅದಕ್ಕಾಗಿ ಓದಿ." ಮೊನ್ನೆ ಮೊನ್ನೆ ಬಂದ ಬೈಕ್ ಪ್ರವಾಸದ ಪುಸ್ತಕಕ್ಕೆ ಇಷ್ಟೇ: "ಬೈಕಿನ ಬಗ್ಗೆ ಬರೆದಷ್ಟು ಊರುಗಳ ಬಗ್ಗೆ ಬರೆದಿಲ್ಲ. ಮನೆಗೆ ಬಂದು ಅಮ್ಮನಿಂದ ಬೈಸಿಕೊಂಡ ಭಾಗ ಚೆನ್ನಾಗಿದೆ."

ಇಷ್ಟೆಲ್ಲ ಓದಿದವರು ಸ್ವತಃ ಎಲ್ಲೆಲ್ಲಿ ಸುತ್ತಿದ್ದಾರೆ ಎಂದು ಕೇಳಿದರೆ ಅಂಟಕ್ಕ ನಗುತ್ತಾರೆ. "ಅಕ್ಕನ ಮನೆಗೆ ಹೋಗಿದೀನಿ. ಬಸ್ಸು ಹತ್ತಿದ್ರೆ ನನಗೆ ವಾಂತಿ." ಮಾತಿನಲ್ಲಿ ಬೇಸರದ ಲವಲೇಶವೂ ಇಲ್ಲ. ಕಷ್ಟ ಇಲ್ಲವೆಂದಲ್ಲ. ಹತ್ತನೇ ತರಗತಿ ಮುಗಿಸಿ ತಾತ್ಕಾಲಿಕವೆಂದು ಸೇರಿದ ಕೆಲಸ ತಲೆಗೂದಲು ನೆರೆತರೂ ತಾತ್ಕಾಲಿಕವಾಗಿಯೇ ಇದೆ. ಮೇಣದ ದಾರ ಎಳೆದೆಳೆದು ಬಲಗೈ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ಚಳಿಗಾಲದಲ್ಲಿ ಬೆರಳ ತುದಿ ಒಡೆದು ರಕ್ತ ಬರುತ್ತದೆ. ಹಾಳೆಗೆ ಕಲೆಯಾದೀತೆಂದು ಆಗ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿಯುತ್ತಾರೆ. ಬಟ್ಟೆ ಚೂರಿಗೆ ಬರವಿಲ್ಲ, ಪತಿ ಟೈಲರ್.

"ಮನೆಯಲ್ಲಿ ಇಬ್ಬರದೂ ಹೊಲಿಗೆಯೇ. ನನ್ನ ಅಂಗಿ ಬಿಗಿಯಾದ್ರೆ ಗಿರಾಕಿ ನನ್ನ ಬೈತಾನೆ. ಇವಳು ಬರೆದಿದ್ದು ಬಿಗಿಯಾದ್ರೆ ಬೈಯೋಕೆ ಆ ಲೇಖಕರು ಬದುಕೇ ಇರಲ್ಲ. ಪುಣ್ಯವಂತೆ!" ಎಂದು ಅವರು ಕಣ್ಣು ಮಿಟುಕಿಸುತ್ತಾರೆ.

ಬೈದವರು ಇಲ್ಲದಿಲ್ಲ. ಅಂಟಕ್ಕನ ಭಾವ, ಅಂದರೆ ಅಕ್ಕನ ಗಂಡ, ಬಸ್ ಡ್ರೈವರಾಗಿ ನಿವೃತ್ತರಾದವರು. ಕೆರೆ ದಂಡೆಯ ಒಂದು ವಸತಿಗೃಹ ಬರುವ ಪುಸ್ತಕಕ್ಕೆ ನಾದಿನಿ ಬರೆದ ವಿಮರ್ಶೆ ಓದಿ ಮನಸೋತರು. 'ಇಲ್ಲಿ ಮುದುಕಿಯೊಬ್ಬರು ಬಂದವರಿಗೆಲ್ಲ ಬಿಸಿನೀರು ಕಾಯಿಸಿಕೊಡುತ್ತಾರೆ, ಕಿಟಕಿ ತೆಗೆದರೆ ನೀರಿನ ಸದ್ದು' ಎಂದಿತ್ತು. ಹೆಂಡತಿಯನ್ನು ಕರೆದುಕೊಂಡು ಹೊರಟೇಬಿಟ್ಟರು. ಪುಸ್ತಕ ಅರವತ್ತು ವರ್ಷ ಹಳೆಯದೆಂದು ಅಂಟಕ್ಕ ಬರೆದಿರಲಿಲ್ಲ. ಓದುವಾಗ ಎಲ್ಲವೂ ಕಣ್ಣೆದುರೇ ನಡೆಯುತ್ತಿತ್ತಲ್ಲ, ಅವರಿಗೆ ಅದು ಹೊಳೆಯಲೇ ಇಲ್ಲ.

"ಅಲ್ಲಿ ಮುದುಕಿಯೂ ಇಲ್ಲ, ಕೆರೆಯೂ ಇಲ್ಲ ಕಣಮ್ಮ! ಪೆಟ್ರೋಲ್ ಬಂಕ್ ಇದೆ. ಬಿಸಿನೀರು ಎಲ್ಲಿ ಅಂತ ಕೇಳಿದ್ರೆ ಅಲ್ಲಿನ ಕೆಲಸದವನು ನನ್ನ ತಲೆ ಕೆಟ್ಟಿದೆ ಅಂದ್ಕೊಂಡ" ಎಂದು ಭಾವ ಮನೆಯಂಗಳದಲ್ಲಿ ನಿಂತು ಕೂಗಾಡಿದರು. ಅಕ್ಕನಿಗೋ ಹೊಟ್ಟೆ ಹುಣ್ಣಾಗುವಷ್ಟು ನಗು. ಅಂದಿನಿಂದ ಪ್ರತಿ ವಿಮರ್ಶೆಯ ತಲೆಯ ಮೇಲೆ ಪುಸ್ತಕ ಯಾವ ಕಾಲದ್ದೆಂದು ದಪ್ಪಕ್ಷರದಲ್ಲಿ ಇರುತ್ತದೆ.

ಈಚೆಗೆ ಆ ದಪ್ಪಕ್ಷರವೇ ಅಂಟಕ್ಕನಿಗೆ ಮುಳುವಾಯಿತು. ಪರೀಕ್ಷೆಗೆ ಓದುವವರಿಗೆ ಮೇಜು ಸಾಲುತ್ತಿಲ್ಲ, ಒಂದು ಕಪಾಟು ತೆರವಾಗಬೇಕೆಂದು ಸಮಿತಿ ತೀರ್ಮಾನಿಸಿತು. ಹೊಸದಾಗಿ ಬಂದಿರುವ ಗ್ರಂಥಪಾಲಕಿ ಕಪಾಟುಗಳ ಮುಂದೆ ಓಡಾಡಿ, ಹಳೆಯ ಪ್ರವಾಸ ಪುಸ್ತಕಗಳನ್ನು ತೆರೆದು, ದಪ್ಪಕ್ಷರದಲ್ಲಿದ್ದ ಕಾಲ ನೋಡಿ ಅಲ್ಲೇ ನಿಂತರು. ಕೆಟ್ಟವರೇನಲ್ಲ, ಅಂಟಕ್ಕನ ಕೋಣೆಗೆ ದೀಪ ಹಾಕಿಸಿಕೊಟ್ಟವರು ಅವರೇ.

"ಅಕ್ಕ, ಇದರಲ್ಲಿರೋ ರಸ್ತೆ ಈಗಿಲ್ಲ, ಹಡಗು ಈಗಿಲ್ಲ, ಕೆಲವು ದೇಶಾನೇ ಈಗಿಲ್ಲ. ಯಾರು ಓದ್ತಾರೆ ಹೇಳಿ?"

"ಓದ್ತಾರೆ ಮೇಡಂ."

"ಸರಿ, ಈ ತಿಂಗಳ ಕೊನೆವರೆಗೆ ನೋಡೋಣ. ಯಾರಾದ್ರೂ ತಗೊಂಡು ಹೋದ ಪುಸ್ತಕ ಉಳಿಯುತ್ತೆ. ಹಾಗೇ ಕೂತಿದ್ದು ರದ್ದಿಗೆ ಹೋಗುತ್ತೆ. ಒಂದೂ ಹಾಗೆ ಕೂರದಿದ್ರೆ ಸಮಿತಿಗೆ ಬೇರೆ ಕಪಾಟು ತೋರಿಸ್ತೀನಿ."

ಮರುದಿನದಿಂದ ಅಂಟಿನ ಪಾತ್ರೆ ಇನ್ನೂ ಬೇಗ ಒಲೆ ಏರಿತು. ಒಂದನ್ನು ಬಿಟ್ಟು, ವಿಮರ್ಶೆ ಇಲ್ಲದ ಪುಸ್ತಕಗಳಿಗೆಲ್ಲ ಅಂಟಕ್ಕ ಬರೆದರು, ಬರೆದ ಪುಟ ಕಾಣುವಂತೆ ಪುಸ್ತಕಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ತೆರೆದಿಟ್ಟರು. ನಾಲ್ಕು ಒಳ್ಳೆಯ ಮಾತು ಸೇರಿಸಿ ಬರೆದುಬಿಡಿ ಎಂದು ಕೆಲವರು ಕಿವಿಯಲ್ಲಿ ಹೇಳಿದರು. ಅಂಟಕ್ಕ ಒಪ್ಪಲಿಲ್ಲ. ಹಡಗಿನ ವೈದ್ಯರೊಬ್ಬರ ಸಿಡುಕು ಪುಸ್ತಕಕ್ಕೆ, "ಯಾವ ಬಂದರಿನಲ್ಲಿಯೂ ಇವರಿಗೆ ಬಿಸಿ ಚಹಾ ಸಿಗಲಿಲ್ಲ. ನೀವು ಮನೆಯವರ ಮೇಲೆ ಮುನಿಸಿಕೊಂಡಿದ್ದರೆ ಓದಿ, ಮನೆಯೇ ವಾಸಿ ಅನ್ನಿಸುತ್ತದೆ" ಎಂದು ಇದ್ದದ್ದನ್ನು ಇದ್ದಂತೆಯೇ ಬರೆದರು. ಆ ಪುಸ್ತಕಕ್ಕೆ ಈಗ ಸರದಿ ಹಚ್ಚಿದ್ದಾರೆ! ಮನೆಯವರ ಮೇಲೆ ಮುನಿಸಿಕೊಂಡವರು ಊರಿನಲ್ಲಿ ಇಷ್ಟೊಂದು ಜನ ಇದ್ದಾರೆಂದು ಯಾರಿಗೆ ಗೊತ್ತಿತ್ತು?

ಕಪಾಟು ದಿನದಿನಕ್ಕೆ ತೆರವಾಯಿತು. ಭಾವ ಬೈದುಕೊಂಡೇ ಬಂದು ಎರಡು ಒಯ್ದರು. ಕೊನೆಯ ದಿನಕ್ಕೆ ಉಳಿದದ್ದು ಒಂದೇ ಒಂದು, ಅಂಟಕ್ಕನಿಗೆ ಎಲ್ಲಕ್ಕಿಂತ ಇಷ್ಟವಾದದ್ದು.

ಅದು ಸಮುದ್ರ ನೋಡಲು ಹೊರಟ ಅತ್ತೆ ಸೊಸೆಯರ ಪುಸ್ತಕ. ಬರೆದವಳು ಸೊಸೆ, ಒಂದು ಶತಮಾನಕ್ಕೂ ಹಿಂದೆ. ಗಾಡಿಯಲ್ಲಿ, ದೋಣಿಯಲ್ಲಿ, ಕೊನೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ದಾರಿಯುದ್ದಕ್ಕೂ ಕಾಲು ಕೆರೆದು ಜಗಳ. ಸಮುದ್ರ ಕಂಡೊಡನೆ ಅತ್ತೆ, "ಇಷ್ಟೇನಾ?" ಎನ್ನುತ್ತಾಳೆ. ಮರಳುವಾಗ ಅತ್ತೆಗೆ ಜ್ವರ ಏರುತ್ತದೆ, ಸೊಸೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲಿ ಕೂರುತ್ತಾಳೆ. ಅಲ್ಲಿಗೆ ಪುಸ್ತಕ ನಿಂತುಬಿಡುತ್ತದೆ. ಮುಂದಿನ ಹಾಳೆಗಳು ಅಂಟಕ್ಕ ಕೆಲಸಕ್ಕೆ ಸೇರುವ ಮೊದಲೇ ಕಳೆದುಹೋಗಿವೆ. ಬೇರೆ ಪ್ರತಿ ಎಲ್ಲಿಯೂ ಸಿಕ್ಕಿಲ್ಲ.

ಕೊನೆಯ ಹಾಳೆ ನೋಡದೆ ಒಂದು ಮಾತನ್ನೂ ಬರೆಯದವರು ಈ ಪುಸ್ತಕಕ್ಕೆ ಏನು ಬರೆದಾರು? ಎಷ್ಟೋ ವರ್ಷಗಳಿಂದ ಅದರ ಖಾಲಿ ಹಾಳೆ ಖಾಲಿಯಾಗಿಯೇ ಇತ್ತು. ಖಾಲಿ ಇದ್ದ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ. ರದ್ದಿಯವನ ಗಾಡಿ ಸಂಜೆ ಬರುವುದಿತ್ತು. ಅಂಟಕ್ಕ ಊಟಕ್ಕೂ ಏಳದೆ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತ ಕೂತರು. ಹಾಗೆ ಓದಿದ್ದು ಜೀವಮಾನದಲ್ಲಿ ಅದೇ ಮೊದಲು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೆನ್ನು ತೆಗೆದರು.

ಗ್ರಂಥಪಾಲಕಿ ಬಂದು, ಶಾಯಿ ಆರದ ಹಾಳೆಯನ್ನು ನಿಂತೇ ಓದಿದರು. ಅದರಲ್ಲಿ ಹೀಗಿತ್ತು:

"ಈ ಪುಸ್ತಕಕ್ಕೆ ಕೊನೆಯ ಹಾಳೆಗಳಿಲ್ಲ. ಆದರೂ ಸೊಸೆ ಮನೆ ಮುಟ್ಟಿದ್ದಾಳೆ. ಮುಟ್ಟದಿದ್ದರೆ ಇದನ್ನು ಕೂತು ಬರೆದವರು ಯಾರು? ಅತ್ತೆಯೂ ಮುಟ್ಟಿದ್ದಾಳೆ ಎಂದು ನನ್ನ ನಂಬಿಕೆ. ಮೊದಲ ಪುಟದಿಂದಲೇ ಸೊಸೆ ಅವಳ ಗೊರಕೆಯನ್ನು, ಅವಳ ಗಂಟುಮೂಟೆಯನ್ನು ಮನಸಾರೆ ಗೇಲಿ ಮಾಡಿದ್ದಾಳೆ. ದಾರಿಯಲ್ಲಿ ತೀರಿಕೊಂಡವರನ್ನು ಯಾರೂ ಹೀಗೆ ಗೇಲಿ ಮಾಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಿದ್ದರೆ ಮಾತ್ರ ಮಾಡುತ್ತಾರೆ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ನನ್ನ ಕಾರ್ಡಿಗೆ ಹಾಕಿ ಅಕ್ಕ. ಇವತ್ತು ನಮ್ಮತ್ತೆಗೆ ಓದಿ ಹೇಳಬೇಕು" ಎಂದರು. ರದ್ದಿ ಗಾಡಿ ಖಾಲಿಯೇ ಹಿಂತಿರುಗಿತು.

ಈಗ ಆ ಕಪಾಟಿನಲ್ಲಿ ಒಂದು ಪುಸ್ತಕವೂ ಇಲ್ಲ. ಅಂಟಕ್ಕ ಬಟ್ಟೆ ಒದ್ದೆ ಮಾಡಿ ಹಲಗೆಗಳನ್ನು ಒರೆಸುತ್ತಿದ್ದಾರೆ. ಇನ್ನೇನು ಬೇಕು ಎಂದು ಕೇಳಿದರೆ, ಒರೆಸುವುದನ್ನು ನಿಲ್ಲಿಸದೆಯೇ ಹೇಳುತ್ತಾರೆ:

"ಹೋದವೆಲ್ಲ ವಾಪಸ್ ಬಂದ್ರೆ ಸಾಕು. ಹರಿದು ಬಂದ್ರೂ ಪರವಾಗಿಲ್ಲ, ನಾನಿದೀನಲ್ಲ."